ದಾರಿ ತೋರಿಸದ ಉತ್ತರ

"ಈ ವಾರವಿಡೀ ಪಿಸಿಲಾ ನಮ್ಮ ಮನೆಯಿಂದ ಒಂದು ಕಡ್ಡಿನೂ ತಗೊಂಡು ಹೋಗಿಲ್ಲ, ಗಮನಿಸಿದ್ರಾ?" ಅಂದಳು ಮೆಲೆನೈಟೆ, ಕೆಸುವಿನ ಎಲೆಯ ಪೊಟ್ಟಣ ಬಿಚ್ಚಿ ಗಂಡನ ತಟ್ಟೆಗೆ ಜಾರಿಸುತ್ತ.

ಫೆಲೆಟಿ ಗಮನಿಸಿದ್ದ. ಸೋಮವಾರದಿಂದ ಗೋಡೆಯ ಮೊಳೆಗೆ ಸಿಕ್ಕಿಸಿದ ಟಾರ್ಚು ಅಲ್ಲೇ ನೇತಾಡುತ್ತಿತ್ತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇತ್ತು. ಬೇರೆ ವಾರವಾಗಿದ್ದರೆ ಆ ಹುಡುಗಿ ಮುಂಬಾಗಿಲಿಂದ ಹೊಕ್ಕು ಅಡಿಗೆಮನೆಯಿಂದ ಹೊರಬೀಳುವಷ್ಟರಲ್ಲಿ ಮನೆಯಲ್ಲಿ ಏನಾದರೊಂದು ಕಡಿಮೆಯಾಗಿರುತ್ತಿತ್ತು: ಬಾಚಣಿಗೆ, ಅರ್ಧ ಗೆಣಸು, ಅವನ ಓದುವ ಕನ್ನಡಕ ಕೂಡ. ಅಕ್ಕನ ಮಗಳು. ಈ ದ್ವೀಪದ ಪದ್ಧತಿಯಲ್ಲಿ ಅವಳು ಕೇಳಬೇಕಾಗಿಲ್ಲ, ಅವನು ಕೊಡಬೇಕಾಗಿಲ್ಲ, ಅವಳು ತಗೊಂಡಳೆಂದರೆ ಅದು ಈ ಮನೆಗೆ ಸಂದ ಮರ್ಯಾದೆ. ಹೋದ ವರ್ಷ ಶಾಲೆಯ ವಾರ್ಷಿಕೋತ್ಸವದ ಬೆಳಿಗ್ಗೆಯೇ ಅವನ ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗಿದ್ದಳು; ಅವನು ಬರಿಗಾಲಲ್ಲಿ ವೇದಿಕೆ ಹತ್ತಿದ್ದ, ಕೆಳಗೆ ಕೂತವರು ಆ ಬರಿಗಾಲು ನೋಡಿ, ಓಹೋ ಅಕ್ಕನ ಮಗಳು ಬಂದುಹೋಗಿದಾಳೆ ಎಂದು ಮೆಚ್ಚಿ ತಲೆದೂಗಿದ್ದರು. ಆವತ್ತು ಅವನ ಎದೆ ಎಷ್ಟು ಉಬ್ಬಿತ್ತು! ಈಗ ನಾಲ್ಕು ದಿನದಿಂದ ಮನೆಯಲ್ಲಿ ಎಲ್ಲ ವಸ್ತುಗಳೂ ತಮ್ಮ ತಮ್ಮ ಜಾಗದಲ್ಲಿ ಕೂತು ಅವನನ್ನೇ ದುರುಗುಟ್ಟಿ ನೋಡುತ್ತಿದ್ದವು.

"ಮೈಗೆ ಹುಷಾರಿಲ್ಲವೇನೋ," ಅಂದ.

"ಗುಂಡುಕಲ್ಲಿನ ಹಾಗಿದಾಳೆ. ಬೆಳಿಗ್ಗೆ ನಮ್ಮ ಬೇಲಿ ಪಕ್ಕದಲ್ಲೇ ಹೋದಳು. ಬೇಕಂತಲೇ ಒಂದು ಪಪ್ಪಾಯಿ ಹಣ್ಣು ಬೇಲಿ ಮೇಲಿಟ್ಟಿದ್ದೆ. ನೋಡಿದಳು ರೀ. ನೋಡಿ, ಮುಟ್ಟದೇ ಹೋದಳು. ಆಮೇಲೆ ಹಂದಿ ತಿಂತು."

"ಹಂದಿಗಾದರೂ ಆಯ್ತಲ್ಲ."

"ತಮಾಷೆ ಬೇಡ. ಆ ಹುಡುಗಿಗೆ ಏನು ಮಾಡಿದ್ರಿ?"

"ನಾನು ಮೇಷ್ಟ್ರು. ಅವಳು ಪರೀಕ್ಷೆ ಬರೆದಳು, ನಾನು ತಿದ್ದಿದೆ. ಅಷ್ಟೇ."

ಮೆಲೆನೈಟೆ ಎದುರಿಗೆ ಕಾಲು ಮಡಚಿ ಕೂತಳು. ಅವಳು ಹಾಗೆ ಕೂತಳೆಂದರೆ ಮಾತು ಮುಗಿಯುವವರೆಗೆ ಏಳುವುದಿಲ್ಲವೆಂದು ಹದಿನೆಂಟು ವರ್ಷದ ಸಂಸಾರದಲ್ಲಿ ಅವನಿಗೆ ತಿಳಿದಿತ್ತು. "ಅಕ್ಕ ಕೇಳಿ ಕಳಿಸಿದಾರೆ," ಅಂದಳು.

ಅವನ ಕೈ ತಟ್ಟೆಯಲ್ಲೇ ನಿಂತಿತು. ಹೆಂಡತಿಯ ಬಾಯಲ್ಲಿ ಬಂದರೂ ಅಕ್ಕ ಅಕ್ಕನೇ. ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು. ಲೆಸಿಯೆಲಿಯ ಜೊತೆ ಅವನು ಒಂದೇ ಸೂರಿನ ಕೆಳಗೆ ಕೂತು ಮೂವತ್ತು ವರ್ಷ ಕಳೆದಿತ್ತು. ಜಗಳವೇನಲ್ಲ. ಮೀಸೆ ಚಿಗುರುವ ಹೊತ್ತಿಗೆ ಅವನ ಚಾಪೆಯನ್ನು ಅಪ್ಪ ಹುಡುಗರ ಗುಡಿಸಲಿಗೆ ಹಾಕಿಸಿದ. ಅಲ್ಲಿಂದಾಚೆಗೆ ಅಣ್ಣ ತಮ್ಮಂದಿರು ಅಕ್ಕ ತಂಗಿಯರ ಎದುರು ಸುಳಿಯಬಾರದು, ನಗೆಯಾಡಬಾರದು, ಅವರಿರುವ ಕೋಣೆಗೆ ಕಾಲಿಡಬಾರದು. ಎಲ್ಲರ ಮನೆಯಲ್ಲೂ ಹಾಗೇ. ಅವಳು ಬಸುರಿಯಾದದ್ದು, ಗಂಡನನ್ನು ಕಡಲಿಗೆ ಕಳಕೊಂಡದ್ದು, ನಾಲ್ಕು ಹಲ್ಲು ಕೀಳಿಸಿಕೊಂಡದ್ದು, ಎಲ್ಲವೂ ಅವನಿಗೆ ಬೇರೆಯವರ ಬಾಯಿಂದಲೇ ತಿಳಿದದ್ದು. ಊರವರೆಲ್ಲರ ಹಾಗೆ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿಕೊಂಡು ಶಾಲೆಗೆ ಹೋಗುವ ಈ ಚಾಪೆ ಮಾತ್ರ ಅವಳು ನೇಯ್ದದ್ದು. ದಿನಾ ಬೆಳಿಗ್ಗೆ ಅದನ್ನು ಬಿಗಿದುಕೊಳ್ಳುವಾಗ ಯಾರೋ ಹಿಂದಿನಿಂದ ಹಿಡಿದು ನಿಲ್ಲಿಸಿದಂತಾಗುತ್ತಿತ್ತು.

"ಏನಂತೆ?"

"ಒಂದೇ ಮಾತು. ಹುಡುಗಿಯ ಉತ್ತರ ತಪ್ಪಾಗಿತ್ತಾ ಅಂತ."

"ದಾರಿ ತೋರಿಸಿಲ್ಲ ಅಂತ ಹೇಳು."

"ಅದನ್ನ ಅವರು ಕೇಳಲಿಲ್ಲ. ತಪ್ಪಾಗಿತ್ತಾ?"

"ಉತ್ತರ ಸರಿ. ದಾರಿ ಇಲ್ಲ. ಗಣಿತದಲ್ಲಿ ದಾರಿ ತೋರಿಸದ ಉತ್ತರ ಉತ್ತರವೇ ಅಲ್ಲ. ಅದು ಎಲ್ಲಿಂದ ಬಂತೋ ಯಾರಿಗೆ ಗೊತ್ತು?"

"ಸರಿಯಾದ ಉತ್ತರಕ್ಕೆ ಸೊನ್ನೆ ಹಾಕೋ ಗಣಿತವಾ ನೀವು ಇಷ್ಟು ವರ್ಷ ಕಲಿಸಿದ್ದು? ನನಗೆ ಗೊತ್ತೇ ಇರಲಿಲ್ಲ ನೋಡಿ," ಎಂದು ಮೆಲೆನೈಟೆ ತೆಂಗಿನ ಹಾಲನ್ನು ಬೇಕಾದ್ದಕ್ಕಿಂತ ಜಾಸ್ತಿ ಸುರಿದಳು. ಅದು ತಟ್ಟೆಯಂಚಿನಿಂದ ಇಳಿದು ಚಾಪೆಯ ಮೇಲೆ ಹರಿಯಿತು. ಅವನು ತಟ್ಟೆ ದೂಡಿ ಎದ್ದ.

ಎಲ್ಲಿಂದ ಬಂತೋ ಯಾರಿಗೆ ಗೊತ್ತು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಬಿಡುವ ಹಾಗಿರಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಪಿಸಿಲಾ ಬಂದಿದ್ದಳು. ಅವನ ಮೇಜಿನ ಹತ್ತಿರ ಕೂತು ಬಿಸ್ಕತ್ತು ತಿಂದಳು, ಮೆಲೆನೈಟೆಯ ಜೊತೆ ಹರಟಿದಳು, ಮೂಲೆಯ ಕೊಡೆ ಎತ್ತಿಕೊಂಡು ಹೋದಳು. ಮೇಜಿನ ಮೇಲೆ ಅವನ ಚರ್ಮದ ಚೀಲ ಇತ್ತು, ಚೀಲದೊಳಗೆ ಪ್ರಶ್ನೆಪತ್ರಿಕೆಯೂ ಉತ್ತರದ ಹಾಳೆಯೂ ಇದ್ದವು. ಆ ಚೀಲದ ಪಟ್ಟಿಯನ್ನು ಅವನು ಯಾವತ್ತೂ ಬಿಗಿಯುವವನಲ್ಲ, ಸುಮ್ಮನೆ ಇಳಿಬಿಟ್ಟಿರುತ್ತಾನೆ. ಮರುದಿನ ಬೆಳಿಗ್ಗೆ ನೋಡಿದರೆ ಪಟ್ಟಿ ಕೊನೆಯ ತೂತಿಗೆ ಬಿಗಿದು ಕೂತಿತ್ತು. ಯಾರೋ ತೆಗೆದು, ನೋಡಿ, ಗುರುತು ಸಿಗದ ಹಾಗೆ ಮುಚ್ಚಲು ಹೋಗಿ, ಗುರುತು ಬಿಟ್ಟುಹೋಗಿದ್ದರು. ಆಮೇಲೆ ಉತ್ತರಪತ್ರಿಕೆಗಳು ಬಂದವು. ಏಳನೇ ಪ್ರಶ್ನೆ: 2x + 3y = 6 ಎಂಬ ರೇಖೆಗೆ ಲಂಬವಾಗಿ, (4, 1) ಎಂಬ ಬಿಂದುವಿನ ಮೂಲಕ ಹಾಯುವ ರೇಖೆಯ ಸಮೀಕರಣ ಬರೆಯಿರಿ. ಎಂಟು ಅಂಕ. ಉಳಿದ ಮಕ್ಕಳೆಲ್ಲ ಅವನು ಕಲಿಸಿದಂತೆ ಹೋಗಿದ್ದರು: ಮೊದಲು ಓರೆಯ ಅಳತೆ ಕಂಡುಹಿಡಿ, ಮೈನಸ್ ಎರಡರ ಕೆಳಗೆ ಮೂರು, ಅದನ್ನು ಬುಡಮೇಲು ಮಾಡಿ ಚಿಹ್ನೆ ಬದಲಿಸು, ಮೂರರ ಕೆಳಗೆ ಎರಡು, ಬಿಂದುವನ್ನು ಸೂತ್ರದಲ್ಲಿ ತುಂಬು, ಬಿಡಿಸು. ಅರ್ಧ ಜನ ಭಿನ್ನರಾಶಿಯ ಕೆಸರಲ್ಲಿ ಹೂತುಹೋಗಿದ್ದರು. ದಡ ಸೇರಿದವರೂ ಭಿನ್ನರಾಶಿಯನ್ನು ಮೈಗೆ ಮೆತ್ತಿಕೊಂಡೇ ಸೇರಿದ್ದರು. ಪಿಸಿಲಾಳ ಹಾಳೆಯಲ್ಲಿ ಮಾತ್ರ ಒಂದೇ ಸಾಲು. 3x − 2y = 10. ಕೆಳಗೆ ಬಿಳಿ ಹಾಳೆ. ಅವನ ಚೀಲದ ಉತ್ತರದ ಹಾಳೆಯಲ್ಲಿ ಇದ್ದದ್ದೂ ಅದೇ ಸಾಲು, ಅದೇ ರೂಪ, ಅಚ್ಚೊತ್ತಿದಂತೆ.

ಬೇರೆ ಯಾವ ಮಗುವಾಗಿದ್ದರೂ ಮುಖ್ಯೋಪಾಧ್ಯಾಯರ ಮುಂದೆ ನಿಲ್ಲಿಸಬಹುದಿತ್ತು. ಇವಳನ್ನು? ಸೋದರಮಾವನ ಮನೆಯಿಂದ ಅಕ್ಕನ ಮಗಳು ತೆಗೆದುಕೊಂಡದ್ದಕ್ಕೆ ಈ ದ್ವೀಪದಲ್ಲಿ ಕಳವು ಎಂಬ ಹೆಸರೇ ಇಲ್ಲ. ಕಳ್ಳಿ ಎಂದರೆ ಊರೇ ಅವನ ಮೇಲೆ ತಿರುಗಿಬಿದ್ದು, ಅಕ್ಕನ ಮಗಳಿಗೆ ಏನನ್ನೋ ಇಲ್ಲವೆಂದವನು ಎಂದು ಉಗಿಯುತ್ತದೆ. ಅವನು ನಿಯಮದ ಹಿಂದೆ ಅಡಗಿದ. ದಾರಿ ತೋರಿಸದ ಉತ್ತರಕ್ಕೆ ಒಂದು ಅಂಕ ಕೊಡಬಹುದು ಎಂದು ನಿಯಮದಲ್ಲಿತ್ತು. ಅವನು ಅದನ್ನೂ ಕೊಡದೆ, ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ ಹಾಕಿದ, ದುಂಡಗೆ, ಕಾಗದ ಹರಿಯುವಷ್ಟು ಒತ್ತಿ. ಒಟ್ಟು ಅರವತ್ತಾರು ಬಂತು. ರಾಜಧಾನಿ ನುಕುಅಲೋಫಾಗೆ, ಅಲ್ಲಿನ ಶಾಲೆಯ ಕೊನೆಯ ತರಗತಿಯಾದ ಏಳನೇ ಫಾರ್ಮಿಗೆ ಹೋಗಲು ಎಪ್ಪತ್ತು ಬೇಕು. ಸೋಮವಾರ ಪತ್ರಿಕೆಗಳನ್ನು ಮಕ್ಕಳಿಗೆ ತೋರಿಸಿದಾಗ ಅವಳು ಆ ಸೊನ್ನೆಯನ್ನು ನೋಡಿದಳು, ಅವನನ್ನು ನೋಡಿದಳು, ಹಾಳೆ ಮಡಚಿ ಹಿಂದಕ್ಕೆ ಕೊಟ್ಟಳು. ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ! ಯಾಕೆ ಮಾವ ಎಂದು ಒಂದು ಸಲ ಕೇಳಿದ್ದರೆ! ತಪ್ಪು ಮಾಡಿದವಳಿಗೆ ಬಾಯಿ ಎಲ್ಲಿಂದ ಬರಬೇಕು ಎಂದು ಅವನು ಅಂದುಕೊಂಡ, ಅಂದುಕೊಂಡು ಇನ್ನಷ್ಟು ಕುದಿದ.

"ಹೋಗ್ತಾ ಈ ಬುಟ್ಟಿ ಊರ ಹಾಲ್‌ಗೆ ಕೊಟ್ಟುಹೋಗಿ," ಎಂದು ಮೆಲೆನೈಟೆ ಸೈಕಲ್ಲಿನ ಹಿಂದೆ ತೆಂಗಿನ ಗರಿಯ ಬುಟ್ಟಿ ಕಟ್ಟಿದಳು. "ಅಕ್ಕನ ಗುಂಪು ಬೆಳಗಿನಿಂದ ತೊಗಟೆಯ ನಾರುಬಟ್ಟೆಗೆ ಬಣ್ಣದ ಗೆರೆ ಹಾಕ್ತಿದೆ. ಹತ್ತು ಜನ ಹೆಂಗಸರು. ತಮ್ಮನ ಮನೆಯಿಂದ ಊಟ ಹೋಗದಿದ್ರೆ ನನ್ನ ಮುಖಕ್ಕೆ ಮಸಿ."

"ನಾಲ್ಕು ಗಂಟೆಗೆ ಅಂಕಪಟ್ಟಿ ಕೊಡಬೇಕು. ಗುಮಾಸ್ತ ಮಾಫಿ ಅದನ್ನ ವಿಮಾನಕ್ಕೆ ಒಯ್ತಾನೆ."

"ಈಗಿನ್ನೂ ಮೂರು ಗಂಟೆ. ಹಿಂಬಾಗಿಲಲ್ಲಿ ಇಟ್ಟು ಹೋಗಿ, ನಿಮ್ಮನ್ನ ಒಳಗೆ ಯಾರು ಕರೀತಾರೆ?" ಎಂದವಳು, ಅವನು ಚರ್ಮದ ಚೀಲ ಹೆಗಲಿಗೇರಿಸಿ ಪೆಡಲಿಗೆ ಕಾಲಿಟ್ಟಾಗ, "ಅಕ್ಕನಿಗೆ ಏನಂತ ಹೇಳಲಿ?" ಅಂದಳು. ಅವನು ಬೆಲ್ ಬಾರಿಸಿದ. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಈ ದ್ವೀಪದಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ, ಸೈಕಲ್ ತಾನೇ ಹೋಗುತ್ತದೆ. ಸಿಟ್ಟಿನಲ್ಲಿ ತುಳಿಯುವವನಿಗೆ ತುಳಿಯಲು ಏನೂ ಸಿಗುವುದಿಲ್ಲ. ಮಾವ, ಅದು ಲಂಬವಾಗಿ ಕಾಣ್ತಾ ಇಲ್ಲ. ಎರಡು ತಿಂಗಳ ಹಿಂದಿನ ಮಾತು ಕಿವಿಯಲ್ಲಿ ಗುಂಯ್ ಅಂದಿತು. ಕರಿಹಲಗೆಯ ಮೇಲೆ ಅವನು ಎರಡು ಅಕ್ಷ ಎಳೆದು, ಒಂದು ರೇಖೆ, ಅದಕ್ಕೆ ಲಂಬವಾದ ಇನ್ನೊಂದು ರೇಖೆ ಬರೆದು, ಎರಡರ ಓರೆಯನ್ನು ಗುಣಿಸಿ ಮೈನಸ್ ಒಂದು ತೋರಿಸಿ, ಚಾಕ್‌ಪೀಸನ್ನು ಗೆದ್ದವನಂತೆ ಕೆಳಗಿಟ್ಟಿದ್ದ. ಹಿಂದಿನ ಬೆಂಚಿನಿಂದ ಆ ಮಾತು ಬಂತು. ತರಗತಿಯಲ್ಲಿ ಸರ್ ಎನ್ನಬೇಕಾದವಳು ಮಾವ ಅಂದಳು, ಮಕ್ಕಳು ಕಿಸಕ್ಕೆಂದರು. ತಿರುಗಿ ನೋಡಿದರೆ ನಿಜಕ್ಕೂ ಎರಡು ರೇಖೆಗಳು ಕುಡಿದು ಬಿದ್ದವರ ಕಾಲಿನಂತೆ ಒಂದರ ಮೇಲೊಂದು ಒರಗಿದ್ದವು. ಅಡ್ಡ ಅಕ್ಷದಲ್ಲಿ ಒಂದು ಅಂಕೆಗೆ ಒಂದು ಗೇಣು, ನಿಂತ ಅಕ್ಷದಲ್ಲಿ ಹಲಗೆ ಸಾಲದೆ ಅರ್ಧ ಗೇಣು ಹಿಡಿದಿದ್ದ. "ಕಣ್ಣನ್ನ ನಂಬಬೇಡಿ, ಅಂಕೆಯನ್ನ ನಂಬಿ!" ಎಂದು ಗುಡುಗಿದ್ದ. "ಕಣ್ಣು ಸರಿಯಾಗಿಯೇ ಇದೆ ಮಾವ, ನಿನ್ನ ಅಳತೆ ಎರಡು ಥರ ಇದೆ," ಅಂದಿದ್ದಳು ಹುಡುಗಿ, ಮೆತ್ತಗೆ, ಸಹಾಯ ಮಾಡುವ ದನಿಯಲ್ಲಿ. ಸಹಾಯ! ಆ ದನಿಯೇ ಅವನನ್ನು ಸುಟ್ಟದ್ದು. ಅದೇ ದನಿ ಮನೆಯಲ್ಲಿ ಅವನ ತಟ್ಟೆಯ ಮೀನನ್ನು ಎತ್ತಿಕೊಳ್ಳುವಾಗ ಎಷ್ಟು ಹಿತವಾಗಿರುತ್ತಿತ್ತು. ಈಗ ಸೈಕಲ್ಲಿನ ಮೇಲೆ ಅವನಿಗೆ ಒಂದು ಅನುಮಾನ ಮೂಡಿ, ಬೆವರಿನ ಹಾಗೆ ಒರೆಸಿಕೊಂಡರೂ ಮತ್ತೆ ಮೂಡಿತು: ಸೊನ್ನೆ ಹಾಕುವಾಗ ಕೈಗೆ ಅಷ್ಟು ಬಲ ಬಂದದ್ದು ಚೀಲದ ಪಟ್ಟಿಯಿಂದಲೋ, ಕರಿಹಲಗೆಯಿಂದಲೋ?

ಹಾಲ್ ಹತ್ತಿರವಾದಂತೆ ಮರದ ಕೊಡತಿಗಳ ಟಕ್ ಟಕ್ ಕೇಳಿಸಿತು. ಯಾರೋ ಇನ್ನೂ ನಾರು ಬಡಿಯುತ್ತಿದ್ದರು. ಅವನು ದೂರದಲ್ಲೇ ಇಳಿದು, ಸೈಕಲ್ ತಳ್ಳಿಕೊಂಡು ಹಿಂಭಾಗಕ್ಕೆ ಹೋದ. ಹಲಗೆ ಗೋಡೆ, ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಬುಟ್ಟಿ ಬಿಚ್ಚಿ ಮೆಟ್ಟಿಲ ಮೇಲಿಟ್ಟು, ಒಂದು ಸಲ ಕೆಮ್ಮಿ, ಹೊರಡಬೇಕು. ತಮ್ಮನಾದವನು ಹಾಗೇ ಮಾಡುವುದು. ಹಗ್ಗದ ಗಂಟು ಬಿಗಿಯಾಗಿತ್ತು. ಮೆಲೆನೈಟೆಯ ಗಂಟು. ಅವನು ಅದರ ಜೊತೆ ಗುದ್ದಾಡುತ್ತಿರುವಾಗ ಒಳಗಿನಿಂದ ಒಂದು ದನಿ ಬಂತು. ಮೂವತ್ತು ವರ್ಷದಲ್ಲಿ ಚರ್ಚಿನ ಹಾಡಿನ ನಡುವೆ ಬಿಟ್ಟರೆ ಅಷ್ಟು ಹತ್ತಿರದಿಂದ ಅವನು ಕೇಳದ ದನಿ.

"ಬಣ್ಣದ ಚುಕ್ಕೆ ಇಲ್ಲಿದೆ. ಅಡ್ಡಗೆರೆ ಇದರ ಮೇಲೇ ಹಾಯಬೇಕು. ಈಗ ಈ ಓರೆಗೆರೆ ನೋಡು. ಮೂರು ಗೇಣು ಮುಂದೆ ಹೋದ್ರೆ ಎರಡು ಗೇಣು ಇಳಿಯುತ್ತೆ. ಹೌದಾ?"

"ಹೌದು," ಎಂದಿತು ಯಾವುದೋ ಎಳೆಯ ದನಿ.

"ನಿನ್ನ ಗೆರೆ ಅದಕ್ಕೆ ಎದೆ ಕೊಟ್ಟು ನಿಲ್ಲಬೇಕು. ಹಾಗಾದ್ರೆ ಚುಕ್ಕೆಯಿಂದ ಎರಡು ಗೇಣು ಮುಂದೆ ಹೋಗು, ಮೂರು ಗೇಣು ಏರು. ಅಲ್ಲಿಗೆ ಬಣ್ಣದ ದಾರ ಹಿಡಿದು ಮಿಡಿ."

ಪಟ್ ಎಂದು ದಾರ ಮಿಡಿದ ಸದ್ದಾಯಿತು. ಹೆಂಗಸರು ಹೋ ಎಂದರು. ಫೆಲೆಟಿಯ ಬೆರಳು ಗಂಟಿನ ಮೇಲೇ ಇತ್ತು. ಅಲ್ಲಿಂದ ಹೊರಡಬೇಕೆಂದು ಅವನಿಗೆ ಗೊತ್ತಿತ್ತು. ಅಕ್ಕನ ಮಾತನ್ನು ಗೋಡೆಯಾಚೆ ನಿಂತು ಕದ್ದು ಕೇಳುವ ತಮ್ಮ, ಯಾರಾದರೂ ಕಂಡರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಕಾಲು ಮಾತ್ರ ಏಳಲಿಲ್ಲ. ಮೂರು ಮುಂದೆ, ಎರಡು ಕೆಳಗೆ. ಎರಡು ಮುಂದೆ, ಮೂರು ಮೇಲೆ. ಆ ನಾಲ್ಕು ಅಂಕೆ ಅವನಿಗೆ ಎಲ್ಲೋ ಕಂಡ ಮುಖದ ಹಾಗಿದ್ದವು. ಎಲ್ಲೋ ಏನು, ಚೀಲದಲ್ಲೇ ಇದ್ದವು.

ಸಂದಿನಲ್ಲಿ ಒಂದು ನೆರಳು ಸುಳಿಯಿತು, ನಿಂತಿತು. ಅವನ ಸೈಕಲ್ಲಿನ ಹಿಡಿ ಬಿಸಿಲಿಗೆ ಮಿರುಗುತ್ತಿತ್ತು. ಒಳಗಿನವರಿಗೆ ಅದು ಕಂಡಿರಬೇಕು. ಕೊಡತಿಯ ಸದ್ದು ನಿಂತಿತು. ಆಮೇಲೆ ಅದೇ ದನಿ ಮತ್ತೆ ಎದ್ದಿತು, ಈ ಸಲ ಗಟ್ಟಿಯಾಗಿ, ಒಂದೊಂದು ಮಾತನ್ನೂ ಕಲ್ಲಿನ ಹಾಗೆ ಇಟ್ಟು.

"ಓರೆಗೆರೆ ಮೂರು ನಡೆದು ಎರಡು ಇಳಿಯುತ್ತೆ. ನನ್ನ ಗೆರೆ ಎರಡು ನಡೆದು ಮೂರು ಏರುತ್ತೆ. ನಡೆದದ್ದು ಏರಲಿ, ಇಳಿದದ್ದು ನಡೆಯಲಿ. ಎರಡೂ ಅಳತೆ ಒಂದೇ ಕೈಯ ಗೇಣಾಗಿರಬೇಕು. ಚುಕ್ಕೆಯಿಂದಲೇ ಹೊರಡಬೇಕು. ಚುಕ್ಕೆ ಬಿಟ್ಟು ಬೇರೆ ಎಲ್ಲಿಂದ ಎಳೆದ್ರೂ ಗೆರೆ ನೆಟ್ಟಗೇ ಇರುತ್ತೆ, ಆದ್ರೆ ನನಗೆ ಬೇಕಾದ್ದು ಅದಲ್ಲ. ಇದೇ ದಾರಿ. ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ."

"ಈಗಷ್ಟೇ ಹೇಳಿದ್ಯಲ್ಲೇ ಲೆಸಿಯೆಲಿ," ಅಂದಳು ಮುದುಕಿ ಸೆನೊಲಿ, ಅವಳ ಒಡಕು ದನಿ ಇಡೀ ಊರಿಗೆ ಗೊತ್ತು. "ನಮಗೆಲ್ಲ ನಿನ್ನ ತಾಯಿ ಕಾಲದಿಂದ ಗೊತ್ತಿರೋದು. ಮತ್ತೆ ಯಾರಿಗೆ ಹೇಳ್ತಿದೀಯ?"

"ಗೋಡೆಗೆ."

"ಗೋಡೆಗೆ ಅರ್ಥವಾಯ್ತಂತಾ?"

"ಓದಿದ ಗೋಡೆ. ನಿಧಾನ ಆಗುತ್ತೆ."

ಹೆಂಗಸರ ನಗೆ ಹಲಗೆಗಳನ್ನು ದಾಟಿ ಬಂದು ಅವನ ಮುಖಕ್ಕೆ ಬಡಿಯಿತು. ಅವನು ನಗುವವರ ಮೇಲೆ ಸಿಟ್ಟಾಗಲು ನೋಡಿದ, ಆಗಲಿಲ್ಲ. ಸಿಟ್ಟು ಕೈಗೆ ಸಿಕ್ಕದೆ ಒಳಗೇ ತಿರುಗಿತು. ಅಕ್ಕ ಮಾತಾಡಿದ್ದಳು. ಅವನೊಡನಲ್ಲ, ಗೋಡೆಯೊಡನೆ. ಆ ಹಾಳೆಯ ಕೆಳಗಿನ ಬಿಳಿ ಜಾಗವನ್ನು ಅವಳು ಎಲ್ಲರ ಎದುರಿಗೆ ಒಂದೊಂದೇ ಹೆಜ್ಜೆಯಾಗಿ ತುಂಬಿದ್ದಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು. ಬಿಟ್ಟದ್ದೇನು, ಬಿಡಿಸಿದ್ದು. ಆ ವರ್ಷದಿಂದ ಅವಳು ನೇಯ್ದ ಚಾಪೆಗಳೆಲ್ಲ ಹಡಗು ಹತ್ತಿದವು, ಅವುಗಳ ಬೆನ್ನ ಮೇಲೆ ಅವನೂ ಹಡಗು ಹತ್ತಿ ಶಿಕ್ಷಕರ ಕಾಲೇಜಿಗೆ ಹೋದ. ಅಲ್ಲಿ ಭಿನ್ನರಾಶಿಯನ್ನು ಬುಡಮೇಲು ಮಾಡುವುದನ್ನು ಕಲಿತು ಬಂದ. ಇಲ್ಲಿ ಅವನು ಕಾಲಿಡಬಾರದ ಕೋಣೆಗಳಲ್ಲಿ, ಅವನು ಹುಟ್ಟುವ ಮೊದಲಿನಿಂದ, ಭಿನ್ನರಾಶಿಯೇ ಇಲ್ಲದೆ ಅದನ್ನು ಮಾಡುತ್ತಿದ್ದರು. ಎರಡು, ಮೂರು; ಮೂರು, ಮೈನಸ್ ಎರಡು. ಅಂಕೆಗಳು ಜಾಗ ಬದಲಿಸುತ್ತವೆ, ಒಂದರ ಚಿಹ್ನೆ ತಿರುಗುತ್ತದೆ. ಬಿಂದುವನ್ನು ಇಟ್ಟರೆ ಮೂರು ನಾಲ್ಕಲಿ ಹನ್ನೆರಡು, ಎರಡು ಒಂದಲಿ ಎರಡು, ಕಳೆದರೆ ಹತ್ತು. ಮುಗಿಯಿತು. ತೋರಿಸಲು ದಾರಿ ಎಲ್ಲಿದೆ ಇದರಲ್ಲಿ? ಬಾಗಿಲು ತೆಗೆದರೆ ಅಂಗಳ.

ಹಿಂಬಾಗಿಲು ತೆರೆದುಕೊಂಡಿತು. ಪಿಸಿಲಾ ಬಂದಳು, ಮೊಣಕೈವರೆಗೆ ಕಂದು ಬಣ್ಣ. ಅವನನ್ನು ನೋಡಿ ಅವಳ ಮುಖ ಬದಲಾಗಲಿಲ್ಲ. ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚಿ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟಳು.

"ಅತ್ತೆಗೆ ಹೇಳು, ಊಟ ಬಂತು ಅಂತ," ಅಂದಳು.

"ಪಿಸಿಲಾ, ಯಾಕೆ ಒಂದು ಸಾಲಾದರೂ ಬರೆಯಲಿಲ್ಲ? ಹೀಗೆ ಮಾಡಿದೆ ಅಂತ?"

"ಏನು ಬರೀಲಿ? ಎರಡು ಮೂರು ಜಾಗ ಬದಲಿಸಿದೆ ಅಂತಲಾ? ಅದು ಬರೆಯೋ ವಿಷಯವಾ? ನೀನು ಬಾಗಿಲು ದಾಟುವಾಗ, ಮೊದಲು ಎಡಗಾಲು ಎತ್ತಿದೆ, ಆಮೇಲೆ ಬಲಗಾಲು ಅಂತ ಬರೀತೀಯಾ?"

"ನಿಯಮ ಇದೆ."

"ನಿಯಮದಲ್ಲಿ ಒಂದು ಅಂಕ ಇದೆ. ನೀನು ಸೊನ್ನೆ ಹಾಕಿದೆ." ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು, ಬಣ್ಣ ಹೋಗಲಿಲ್ಲ. "ಬೇರೆ ಹದಿನಾಲ್ಕು ಜನ ದಾರಿ ತಪ್ಪಿದವರಿಗೂ ಎರಡು ಮೂರು ಹಾಕಿದೀಯ. ನನಗೆ ಮಾತ್ರ ಸೊನ್ನೆ. ಯಾಕೆ ಅಂತ ನಾಲ್ಕು ದಿನದಿಂದ ಯೋಚನೆ ಮಾಡ್ತಿದೀನಿ. ಒಂದೇ ಕಾರಣ ಹೊಳೀತು. ಅದು ಅಲ್ಲ ಅಂತ ನೀನೇ ಹೇಳು ಮಾವ."

ಅವನು ನೆಲ ನೋಡಿದ. "ಚೀಲದ ಪಟ್ಟಿ," ಅಂದ. ಅವನ ದನಿ ಅವನಿಗೇ ಅಸಹ್ಯವಾಗಿ ಕೇಳಿಸಿತು. "ನಾನು ಯಾವತ್ತೂ ಪಟ್ಟಿ ಬಿಗಿಯೋದಿಲ್ಲ."

"ನಾನು ಬಿಗಿದೆ. ಬಾಯಿ ತೆರೆದುಕೊಂಡು ಬಿದ್ದಿತ್ತು, ಹಾಳೆಯ ತುದಿ ಕಾಣ್ತಿತ್ತು. ಪರೀಕ್ಷೆಯದು ಅಂತ ಗೊತ್ತಾಯ್ತು. ಕಣ್ಣು ಅತ್ತ ಹೋಗದಿರಲಿ ಅಂತ ಕೊನೆ ತೂತಿಗೆ ಬಿಗಿದೆ." "ಕದಿಯೋದಾ? ನಿನ್ನ ಮನೆಯಲ್ಲಾ? ಅಲ್ಲಿ ನನ್ನದಲ್ಲದ್ದು ಏನಿದೆ ಮಾವ, ಕದಿಯೋಕೆ? ನಿನ್ನ ಚಪ್ಪಲಿ ತಗೊಂಡಾಗ ಕತ್ತಲಲ್ಲಿ ಬಂದಿದ್ನಾ? ಆ ಹಾಳೆ ಬೇಕಿದ್ರೆ ನಿನ್ನ ಎದುರಿಗೆ ಕೈಚಾಚಿ, ಕೊಡು ಅಂತಿದ್ದೆ. ನೀನೇನು ಮಾಡ್ತಿದ್ದೆ?"

ಒಳಗೆ ಹತ್ತು ಹೆಂಗಸರು ಕಿವಿಗೊಟ್ಟಿದ್ದರು, ಅವರಲ್ಲೊಬ್ಬಳು ಅಕ್ಕ.

"ಕೊಡ್ತಿದ್ದೆ," ಅಂದ ಫೆಲೆಟಿ.

"ಅದಕ್ಕೇ ಕೇಳಲಿಲ್ಲ."

ಇಪ್ಪತ್ತು ವರ್ಷದಿಂದ ಅವನು ಮಕ್ಕಳಿಗೆ, ಹಿಂದಿನ ಸಾಲಿಂದ ಮುಂದಿನ ಸಾಲು ಹುಟ್ಟಬೇಕು ಎಂದು ಕಿರುಚಿಕೊಂಡು ಬಂದಿದ್ದ. ಎದುರಿಗೇ ತಗೊಳ್ಳುವ ಹಕ್ಕಿರುವವಳು ಕದಿಯುವುದಿಲ್ಲ. ಇದಕ್ಕಿಂತ ಸುಲಭವಾದ ಸಾಲು ಯಾವ ಪುಸ್ತಕದಲ್ಲೂ ಇರಲಿಲ್ಲ, ಅದನ್ನೇ ಅವನು ದಾಟಿಕೊಂಡು ಹೋಗಿದ್ದ. ಸಿಟ್ಟು ಈಗ ಪೂರಾ ಅವನದಾಗಿತ್ತು, ಬೇರೆ ಯಾರ ಮೇಲೂ ಹೊರಿಸಲಾಗದಷ್ಟು. ಚೀಲದಿಂದ ಅಂಕಪಟ್ಟಿ ತೆಗೆದು ಸೈಕಲ್ ಸೀಟಿನ ಮೇಲೆ ಹಾಸಿ, ಜೇಬಿನ ಕೆಂಪು ಪೆನ್ನು ತೆಗೆದ. ಸೊನ್ನೆಯನ್ನು ಹೊಡೆದು ಎಂಟು ಬರೆದ. ಅರವತ್ತಾರನ್ನು ಹೊಡೆದು ಎಪ್ಪತ್ತನಾಲ್ಕು ಬರೆದ. ತಿದ್ದಿದ ಕಡೆಯೆಲ್ಲ ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಮಾಫಿ ಅದನ್ನು ಓದುತ್ತಾನೆ, ಕನ್ನಡಕದ ಮೇಲಿಂದ ನೋಡುತ್ತಾನೆ, ನಾಳೆ ಶಿಕ್ಷಕರ ಕೋಣೆಯಲ್ಲಿ ಚಹಾದ ಜೊತೆ ಅದನ್ನು ಹಂಚುತ್ತಾನೆ. ಪೆನ್ನು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. 'ಅಂಕ ಕೂಡುವಾಗ ತಪ್ಪಾಗಿದೆ' ಎಂದು ಬರೆದ.

ಪಿಸಿಲಾ ಅವನ ಭುಜದ ಪಕ್ಕದಿಂದ ಓದಿದಳು. ಅವಳ ಉಸಿರಿಗೆ ಬಣ್ಣದ ಒಗರು ವಾಸನೆಯಿತ್ತು.

"ಕೂಡುವಾಗ ತಪ್ಪಾದದ್ದಾ?" ಅಂದಳು.

"ಅಂಕ ಸಿಕ್ಕಿತಲ್ಲ ಹುಡುಗಿ. ನಿನಗೆ ಬೇಕಾದ್ದು ಅದು ತಾನೆ?"

"ಅಂಕ ನನ್ನದೇ. ಅದನ್ನ ನೀನು ಕೊಡ್ತಿಲ್ಲ. ಕೂಡುವಾಗ ತಪ್ಪಾದದ್ದಾ, ಮಾವ?"

"ಮಾಫಿ ಓದ್ತಾನೆ."

"ಓದಲಿ. ನನ್ನ ಸೊನ್ನೆಯನ್ನೂ ಅವನು ಓದ್ತಿದ್ನಲ್ಲ."

ಫೆಲೆಟಿ ಆ ಸಾಲನ್ನು ಹೊಡೆದುಹಾಕಿದ. ಜಾಗ ಸಾಲದೆ, ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದ: 'ವಿದ್ಯಾರ್ಥಿನಿ ನನ್ನ ಚೀಲದ ಉತ್ತರ ನೋಡಿದ್ದಾಳೆಂದು ಸುಳ್ಳೇ ಶಂಕಿಸಿ ಸೊನ್ನೆ ಹಾಕಿದ್ದೆ. ಉತ್ತರ ಸರಿ. ದಾರಿ ಅವಳದು ಬೇರೆ, ಅದೂ ಸರಿ.' ಸಹಿ ಹಾಕುವಾಗ ಸೀಟಿನ ತೂತಿಗೆ ಸಿಕ್ಕಿ ಪೆನ್ನಿನ ಮುಳ್ಳು ಕಾಗದವನ್ನು ಚುಚ್ಚಿತು. ಕೊರಳಿನ ಬೆವರು ಸೊಂಟದ ಚಾಪೆಗೆ ಇಳಿಯಿತು.

"ಇಷ್ಟು ಸಾಕಾ?" ಅಂದ. ಸಿಟ್ಟಿನಿಂದಲೇ ಅಂದ.

ಅವಳು ಎರಡು ಸಲ ಓದಿದಳು. "ಅಕ್ಷರ ಓದೋಕೆ ಬರುತ್ತೆ," ಅಂದಳು.

ಚರ್ಚಿನ ಕಡೆಯಿಂದ ಮೂರೂವರೆಯ ಗಂಟೆ ಕೇಳಿಸಿತು. ಅವನು ಅಂಕಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿ, ಏನೆಂದು ಯೋಚಿಸದೆಯೇ ಚೀಲದ ಪಟ್ಟಿಯನ್ನು ಕೊನೆಯ ತೂತಿಗೆ ಬಿಗಿದ. ಸೈಕಲ್ಲಿನ ಹಿಡಿಗೆ ಕೈಹಾಕಿದರೆ ಅಲ್ಲಿ ಕಂದು ಬಣ್ಣದ ಕೈಗಳು ಆಗಲೇ ಇದ್ದವು. ಪಿಸಿಲಾ ಅವನ ಮುಖ ನೋಡಲಿಲ್ಲ, ನಗಲಿಲ್ಲ. ಕೇಳದೆಯೇ ಸೈಕಲ್ಲನ್ನು ಅವನ ಕೈಯಿಂದ ಬಿಡಿಸಿ, ಮುಂದಿನ ಚಕ್ರವನ್ನು ಎತ್ತಿ ಮೆಟ್ಟಿಲು ಹತ್ತಿಸಿ, ಹಿಂಬಾಗಿಲಿನಿಂದ ಒಳಗೆ ತಳ್ಳಿಕೊಂಡು ಹೋದಳು. ಅವನಿಗೆ ಕಾಲಿಡಲಾಗದ ಆ ಹಾಲ್‌ಗೆ. ಒಳಗೆ ಸೆನೊಲಿ ಮುದುಕಿ ಬೆಲ್ ಬಾರಿಸಿ ನೋಡಿದ್ದು ಕೇಳಿಸಿತು, ಒಮ್ಮೆ, ಇನ್ನೊಮ್ಮೆ. ಶಾಲೆಗೆ ಮುಕ್ಕಾಲು ಮೈಲಿ. ಅವನು ಸಡಿಲವಾಗಿದ್ದ ಸೊಂಟದ ಚಾಪೆಯನ್ನು ಒಂದು ಕೈಯಲ್ಲಿ ಹಿಡಿದು, ಚೀಲವನ್ನು ಕಂಕುಳಿಗೆ ಅವುಚಿಕೊಂಡು, ಬಿಸಿಲಿನಲ್ಲಿ ಓಡತೊಡಗಿದ.